ಮಾರುತಿ 800: ಘಟ್ಟ ಹತ್ತುವಾಗ ಸರಿ, ಇಳಿಯುವಾಗ ಕಾರ್ಬುರೇಟರ್ ಓವರ್‌ಫ್ಲೋ

ತೀರ್ಥಹಳ್ಳಿಯಿಂದ, ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ನಮ್ಮ ಮನೆಯಲ್ಲಿ 1997ರ ಮಾರುತಿ 800 ಇದೆ. ಅಪ್ಪ ಕೊಂಡ ಕಾರು, ಕೆಎ-14, ಬಿಳಿ ಬಣ್ಣ. ಕಾರ್ಬುರೇಟರ್ (ಪೆಟ್ರೋಲಿಗೆ ಗಾಳಿ ಬೆರೆಸಿ ಎಂಜಿನಿಗೆ ಕೊಡುವ ಭಾಗ) ಇರುವ ಗಾಡಿ. ಮಳೆಗಾಲ ಪೂರ್ತಿ ಶೆಡ್ಡಿನಲ್ಲೇ ನಿಂತಿತ್ತು. ಆಯುಧ ಪೂಜೆಗೆ ತೊಳೆದು, ಹಾರ ಹಾಕಿ, ನಿಂಬೆಹಣ್ಣಿನ ಮೇಲೆ ಹತ್ತಿಸಿ ಹೊರಗೆ ತೆಗೆದೆವು. ಅಲ್ಲಿಂದ ಶುರು ನೋಡಿ.

ಬೆಳಿಗ್ಗೆ ಚೋಕ್ (ತಣ್ಣಗಿನ ಎಂಜಿನಿಗೆ ಗಾಳಿ ತಡೆದು ಪೆಟ್ರೋಲ್ ಪಾಲು ಹೆಚ್ಚಿಸುವ ಗುಬ್ಬಿ) ಎಳೆಯದೆಯೇ ಸ್ಟಾರ್ಟ್ ಆಗುತ್ತದೆ. ಹಿಂದೆಲ್ಲ ಚೋಕ್ ಇಲ್ಲದೆ ಜಪ್ಪಯ್ಯ ಅಂದರೂ ಆಗುತ್ತಿರಲಿಲ್ಲ. ಹಾಗಾಗಿ ಮೊದಲು ಖುಷಿಪಟ್ಟೆ. ಆಮೇಲೆ ಗೊತ್ತಾಯಿತು, ಅದು ಖುಷಿಪಡುವ ವಿಷಯ ಅಲ್ಲ ಅಂತ. ಐಡಲಿಂಗ್‌ನಲ್ಲಿ ಐದು ನಿಮಿಷ ಬಿಟ್ಟರೆ ಕುಂಟಲು ಶುರುಮಾಡುತ್ತದೆ. ಹಿಂದೆ ಕಪ್ಪು ಹೊಗೆ. ಬಾನೆಟ್ ಎತ್ತಿದರೆ ಕಣ್ಣು ಉರಿಯುವಷ್ಟು ಪೆಟ್ರೋಲ್ ವಾಸನೆ, ಕಾರ್ಬುರೇಟರ್ ಮೈಯೆಲ್ಲ ಒದ್ದೆ. ಪ್ಲಗ್ ಮೂರನ್ನೂ ತೆಗೆದು ನೋಡಿದೆ. ಕಾಡಿಗೆ ಬಳಿದ ಹಾಗೆ ಕಪ್ಪಾಗಿವೆ, ಒಂದಂತೂ ಪೆಟ್ರೋಲಿನಲ್ಲಿ ನೆನೆದಿತ್ತು. ಲೀಟರಿಗೆ 16 ಕೊಡುತ್ತಿದ್ದ ಗಾಡಿ ಈಗ 9ಕ್ಕೆ ಬಂದಿದೆ.

ಇನ್ನೊಂದು ವಿಚಿತ್ರ. ಹೋದ ಭಾನುವಾರ ಆಗುಂಬೆ ಘಟ್ಟ ಇಳಿದು ಸೋಮೇಶ್ವರದ ತನಕ ಹೋಗಿದ್ದೆವು. ಇಳಿಯುವಾಗ ಮೂರು ತಿರುವಿನಲ್ಲಿ ಆಫ್ ಆಯಿತು. ಹಿಂದೆ ಬಸ್ಸು, ಮುಂದೆ ಪ್ರಪಾತ, ಪಕ್ಕದ ಸೀಟಿನಲ್ಲಿ ಅಮ್ಮನ ರಾಮನಾಮ. ವಾಪಸ್ ಹತ್ತುವಾಗ ಒಂದು ಸಲವೂ ಕೈಕೊಡಲಿಲ್ಲ. ಹತ್ತುವಾಗ ಸೋಲಬೇಕಾದ ಗಾಡಿ ಇಳಿಯುವಾಗ ಸೋಲುವುದು ಯಾಕೆ?

ಒಂದು ಗ್ಯಾರೇಜಿನಲ್ಲಿ ಕಾರ್ಬುರೇಟರ್ ಕಿಟ್ ಹಾಕಿಸಿದೆ. ನೀಡಲ್, ಗ್ಯಾಸ್ಕೆಟ್ ಎಲ್ಲ ಹೊಸದು. ಎಳ್ಳಷ್ಟೂ ವ್ಯತ್ಯಾಸ ಇಲ್ಲ. ಈಗ ಕಾರ್ಬುರೇಟರನ್ನೇ ಹೊಸದು ಹಾಕೋಣ ಅನ್ನುತ್ತಿದ್ದಾರೆ. ಹಾಕಿಸಲೇ?

ಶಿವಮೊಗ್ಗದಿಂದ

ಆಗುಂಬೆ ಎತ್ತರದ ಜಾಗ ಅಲ್ವಾ. ಎತ್ತರದಲ್ಲಿ ಗಾಳಿ ತೆಳು, ಪೆಟ್ರೋಲ್ ಜಾಸ್ತಿ ಆಗುತ್ತದೆ. ಇಲ್ಲಾ ಅಂದರೆ ಈಗಿನ ಎಥನಾಲ್ ಪೆಟ್ರೋಲಿನ ಪ್ರಭಾವ ಇರಬೇಕು. ನನ್ನ ಹಳೇ ಬೈಕೂ ಹೀಗೇ ಮಾಡುತ್ತಿದೆ.

ಹೊಸನಗರದಿಂದ

ಗುಜರಿಗೆ ಹಾಕಿ ಸ್ವಾಮಿ. 1983ರಲ್ಲಿ ಬಂದ ಮಾಡೆಲ್ಲು, 2014ರಲ್ಲಿ ಕಂಪನಿಯೇ ನಿಲ್ಲಿಸಿತು. ನೀವಿನ್ನೂ ಪ್ಲಗ್ ಒರೆಸುತ್ತಾ ಕೂತಿದ್ದೀರಿ. (ತಮಾಷೆಗೆ ಹೇಳಿದೆ. ನನ್ನ ಹತ್ತಿರವೂ ಒಂದು ಹಳೇ ಓಮ್ನಿ ಇದೆ. ಉತ್ತರ ಏನು ಬರುತ್ತದೆ ಅಂತ ನಾನೂ ಕಾಯುತ್ತಿದ್ದೇನೆ.)

ಸಾಗರದಿಂದ

ಹೊಸ ಕಾರ್ಬುರೇಟರ್ ಹಾಕಿಸಬೇಡಿ, ಈಗಲೇ ಬೇಡ. ಕಿಟ್ ಹಾಕಿದ ಮೇಲೂ ಹಾಗೇ ಇದೆ ಅಂದರೆ ತೊಂದರೆ ಕಾರ್ಬುರೇಟರ್ ಒಳಗೇ ಇರಬೇಕು ಅಂತೇನಿಲ್ಲ. ಅಲ್ಲಿಗೆ ಪೆಟ್ರೋಲ್ ಬರುವ ದಾರಿಯಲ್ಲೂ ಇರಬಹುದು.

ಮೊದಲು ಎರಡು ಅನುಮಾನ ತೆಗೆದುಹಾಕುತ್ತೇನೆ. ಎತ್ತರದ ಕಾರಣ ಅಲ್ಲ. ಶಿವಮೊಗ್ಗವೇ ಸಮುದ್ರ ಮಟ್ಟದಿಂದ ಸುಮಾರು 570 ಮೀಟರ್ ಮೇಲಿದೆ. ಆಗುಂಬೆ ಅದಕ್ಕಿಂತ ಬಹಳ ಮೇಲೇನಿಲ್ಲ. ಘಟ್ಟ ಇಳಿದಂತೆ ಗಾಳಿ ದಪ್ಪ ಆಗುತ್ತದೆ, ಅಂದರೆ ಇಳಿಯುವಾಗ ಸುಧಾರಿಸಬೇಕಿತ್ತು. ಎಥನಾಲ್ ಕೂಡ ನೇರ ಕಾರಣ ಅಲ್ಲ. ಒಂದು ಕೆಜಿ ಪೆಟ್ರೋಲ್ ಉರಿಯಲು ಸುಮಾರು 14.7 ಕೆಜಿ ಗಾಳಿ ಬೇಕು, ಎಥನಾಲಿಗೆ 9 ಕೆಜಿ ಸಾಕು. ಹಾಗಾಗಿ ಎಥನಾಲ್ ಸೇರಿದರೆ ಹಳೇ ಕಾರ್ಬುರೇಟರಿನಲ್ಲಿ ಮಿಶ್ರಣ ತೆಳುವಾಗುತ್ತದೆ (ಪೆಟ್ರೋಲಿಗೆ ಗಾಳಿ ಜಾಸ್ತಿ ಆಗುತ್ತದೆ), ದಪ್ಪ ಆಗುವುದಿಲ್ಲ. ಪ್ಲಗ್ ಬೆಳ್ಳಗಾಗುತ್ತದೆಯೇ ಹೊರತು ಕಪ್ಪಾಗುವುದಿಲ್ಲ. ಎಥನಾಲ್ ಮಾಡುವ ಉಪದ್ರವ ಬೇರೆ, ಅದಕ್ಕೆ ಆಮೇಲೆ ಬರುತ್ತೇನೆ.

ಗಾಡಿ ಮುಟ್ಟುವ ಮೊದಲು ಒಂದು ಮಾತು. ಪೆಟ್ರೋಲ್ ಸೋರುವ ಎಂಜಿನ್ ಅಂದರೆ ಬೆಂಕಿಯ ಪಕ್ಕ ಕೂತ ಹಾಗೆ. ಶೆಡ್ಡಿನಿಂದ ಹೊರಗೆ ಅಂಗಳಕ್ಕೆ ತನ್ನಿ. ನಿಮ್ಮ ಕಡೆ ಶೆಡ್ಡಿನ ಪಕ್ಕದಲ್ಲೇ ಬಚ್ಚಲೊಲೆ ಇರುತ್ತದೆ, ಅದು ಉರಿಯುವಾಗಂತೂ ಬೇಡವೇ ಬೇಡ. ಎಂಜಿನ್ ತಣ್ಣಗಾದ ಮೇಲೆ ಬ್ಯಾಟರಿಯ ನೆಗೆಟಿವ್ ಕಳಚಿ, ಆಮೇಲೆ ಪೈಪಿಗೆ ಕೈಹಾಕಿ. ಪೌಡರ್ ಸಿಲಿಂಡರ್ ಇದ್ದರೆ ಪಕ್ಕದಲ್ಲಿಡಿ, ಇಲ್ಲದಿದ್ದರೆ ಒಂದು ಬಕೆಟ್ ಮರಳಾದರೂ ಇರಲಿ. ಪೆಟ್ರೋಲ್ ಬೆಂಕಿಗೆ ನೀರು ಹೊಯ್ಯಬಾರದು.

ದಾರಿಯಲ್ಲಿ ಹೀಗೆ ಆಫ್ ಆದರೆ ಆಕ್ಸಿಲರೇಟರ್ ಪಂಪ್ ಮಾಡಬೇಡಿ. ಒಂದೊಂದು ಸಲ ತುಳಿದಾಗಲೂ ಇನ್ನಷ್ಟು ಪೆಟ್ರೋಲ್ ಪಿಚಕಾರಿ ಹೊಡೆದ ಹಾಗೆ ಒಳಗೆ ಹೋಗುತ್ತದೆ. ಚೋಕ್ ಪೂರ್ತಿ ಒಳಗೆ ತಳ್ಳಿ. ಪೆಡಲನ್ನು ನೆಲಕ್ಕೆ ತಾಗುವ ತನಕ ಒತ್ತಿ ಹಿಡಿದುಕೊಂಡೇ ಐದಾರು ಸೆಕೆಂಡ್ ಸೆಲ್ಫ್ ಹೊಡೆಯಿರಿ. ಗಾಳಿ ಜಾಸ್ತಿ ಹೋಗಿ ಸಿಲಿಂಡರ್ ಒಣಗುತ್ತದೆ. ಒಂದೆರಡು ಸಲಕ್ಕೆ ಹಿಡಿದುಕೊಳ್ಳುತ್ತದೆ. ವಾಸನೆ ಬಹಳ ಇದ್ದರೆ ಮಾತ್ರ ಮೊದಲು ಬಾನೆಟ್ ಎತ್ತಿ ಹತ್ತು ನಿಮಿಷ ಕಾಯಿರಿ.

ಈಗ ಪತ್ತೆದಾರಿ ಕೆಲಸ. ಕಾರ್ಬುರೇಟರಿನೊಳಗೆ ಪೆಟ್ರೋಲ್ ನಿಲ್ಲುವ ಪುಟ್ಟ ತೊಟ್ಟಿಯೇ ಫ್ಲೋಟ್ ಚೇಂಬರ್. ಅದರಲ್ಲಿ ತೇಲುವ ಫ್ಲೋಟ್ ಮೇಲೆದ್ದಾಗ ನೀಡಲ್ ಪೆಟ್ರೋಲ್ ಬರುವ ಬಾಗಿಲು ಮುಚ್ಚುತ್ತದೆ. ನಿಮ್ಮ ಗಾಡಿಯ ಆ ಚೇಂಬರಿಗೆ ಒಂದು ಪುಟ್ಟ ಗಾಜಿನ ಕಿಟಕಿ ಇದೆ. ಅದರ ನಡುವೆ ಒಂದು ದುಂಡು ಗುರುತು. ಪೆಟ್ರೋಲ್ ಮಟ್ಟ ಆ ಗುರುತಿನ ಒಳಗೇ ಇರಬೇಕು. ಈ ಕಾರು ಮಾಡಿದವರು ನಮಗೆ ಕೊಟ್ಟ ದೊಡ್ಡ ಉಪಕಾರ ಅದು, ಆದರೆ ನಾನು ಕಂಡ ಮಟ್ಟಿಗೆ ಹತ್ತರಲ್ಲಿ ಒಬ್ಬರೂ ಅದನ್ನು ನೋಡುವುದಿಲ್ಲ. ಏರ್ ಫಿಲ್ಟರ್ ಡಬ್ಬಿ ತೆಗೆದು, ಗಾಜಿನ ಮೇಲಿನ ಕೊಳೆ ಒರೆಸಿ, ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ, ಎಂಜಿನ್ ಐಡಲಿಂಗ್‌ನಲ್ಲಿ ಇದ್ದಾಗ ಟಾರ್ಚ್ ಬಿಟ್ಟು ನೋಡಿ.

ಮಟ್ಟ ಗುರುತಿನಲ್ಲೇ ಇದ್ದು ಕಪ್ಪು ಹೊಗೆ ಬರುತ್ತಿದ್ದರೆ ಅದು ಓವರ್‌ಫ್ಲೋ ಅಲ್ಲ, ಗಾಳಿ ಕಡಿಮೆ ಆಗಿರುವುದು. ಚೋಕ್ ಬಾಗಿಲು ಅರ್ಧಕ್ಕೆ ಸಿಕ್ಕಿಕೊಂಡಿರಬಹುದು. ಮಳೆಗಾಲದಲ್ಲಿ ಫಿಲ್ಟರ್ ಕಾಗದ ಬೂಸ್ಟು ಹಿಡಿದಿರಬಹುದು. ನನ್ನ ಕಾರಿನ ಫಿಲ್ಟರ್ ಡಬ್ಬಿಯಲ್ಲಿ ಒಂದು ವರ್ಷ ಇಲಿ ಬಾಣಂತನವನ್ನೇ ಮಾಡಿತ್ತು. ಅಡಿಕೆ ಸಿಪ್ಪೆಯ ನಾರು ಒಂದು ಸೇರು ಸಿಕ್ಕಿತು. ನಾನು ಅದಕ್ಕೆ ಮೊದಲು ಒಂದು ವಾರ ಜೆಟ್ ಬಿಚ್ಚಿ ಬಿಚ್ಚಿ ತೊಳೆದಿದ್ದೆ!

ಮಟ್ಟ ಗುರುತಿಗಿಂತ ಮೇಲಿದ್ದರೆ ನೀಡಲ್ ಬಾಗಿಲು ಮುಚ್ಚುತ್ತಿಲ್ಲ ಅಂತ ಅರ್ಥ. ಆಗ ಸ್ಕ್ರೂಡ್ರೈವರಿನ ಹಿಡಿಕೆಯಿಂದ ಫ್ಲೋಟ್ ಚೇಂಬರಿನ ಮೇಲೆ ಮೆಲ್ಲಗೆ ನಾಲ್ಕು ಸಲ ತಟ್ಟಿ. ಬಡಿಯಬೇಡಿ, ಬಾಗಿಲು ತಟ್ಟಿದ ಹಾಗೆ ಸಾಕು. ಮಟ್ಟ ಇಳಿದರೆ ಕಸ ಸಿಕ್ಕಿಕೊಂಡಿದೆ. ಏನು ಕಂಡಿತು ಅಂತ ಬರೆಯಿರಿ.

ಇನ್ನೊಂದು ಪ್ರಶ್ನೆ. ತೊಂದರೆ ಶುರುವಾಗುವ ಮೊದಲು ಗಾಡಿಗೆ ಕೊನೆಯದಾಗಿ ಏನು ಕೆಲಸ ಮಾಡಿಸಿದ್ದಿರಿ?

ತೀರ್ಥಹಳ್ಳಿಯಿಂದ

ಸಾಗರದವರಿಗೆ ನಮಸ್ಕಾರ. ಇಪ್ಪತ್ತು ವರ್ಷದಿಂದ ಓಡಿಸುತ್ತಿದ್ದೇನೆ, ಆ ಕಿಟಕಿ ಇದೆ ಅಂತಲೇ ಗೊತ್ತಿರಲಿಲ್ಲ. ಗಾಜಿನ ಮೇಲೆ ಅರ್ಧ ಇಂಚು ಮಣ್ಣು ಎಣ್ಣೆ ಸೇರಿ ಹಲ್ವಾ ಆಗಿತ್ತು.

ಸ್ಟಾರ್ಟ್ ಮಾಡಿದಾಗ ಮಟ್ಟ ಗುರುತಿನಲ್ಲಿತ್ತು. ಒಂದೇ ನಿಮಿಷಕ್ಕೆ ಏರುತ್ತಾ ಏರುತ್ತಾ ಗಾಜಿನ ಮೇಲಿನ ಅಂಚು ದಾಟಿ ಕಾಣದಾಯಿತು. ಅದೇ ಹೊತ್ತಿಗೆ ಕುಂಟಲು ಶುರು. ತಟ್ಟಿದೆ. ಇಳಿಯಿತು! ಹತ್ತು ನಿಮಿಷ ಆರಾಮಾಗಿ ಓಡಿತು, ಆಮೇಲೆ ಮತ್ತೆ ಏರಿತು.

ಎಂಜಿನ್ ತಣಿದ ಮೇಲೆ ಮೇಲಿನ ಮುಚ್ಚಳ ಬಿಚ್ಚಿದೆ. ಒಳಗಿದ್ದ ಪೆಟ್ರೋಲನ್ನು ಒಂದು ಬಿಳಿ ಪಿಂಗಾಣಿ ತಟ್ಟೆಗೆ ಬಗ್ಗಿಸಿದೆ. ತಳದಲ್ಲಿ ಸಾಸಿವೆಗಿಂತ ಸಣ್ಣ ಚೂರುಗಳು, ಸುಮಾರು ಇದ್ದವು. ಹೊಸ ನೀಡಲಿನ ತುದಿಯಲ್ಲೂ ಒಂದು ಅಂಟಿಕೊಂಡಿತ್ತು. ಟ್ಯಾಂಕಿನ ತುಕ್ಕು ಅಂತ ಅಂದುಕೊಂಡೆ. ಆದರೆ ಫಿಲ್ಟರ್ ಹೊಸದು, ಒಳಗೆ ಕನ್ನಡಿಯ ಹಾಗೆ ಸ್ವಚ್ಛ ಇದೆ. ಅದನ್ನು ದಾಟಿ ಬಂದದ್ದು ಹೇಗೆ?

ಫ್ಲೋಟನ್ನು ಕಿವಿಯ ಹತ್ತಿರ ಅಲ್ಲಾಡಿಸಿದೆ. ಒಳಗೆ ಏನೂ ಸದ್ದಿಲ್ಲ.

ಕೊಪ್ಪದಿಂದ

ನನ್ನದು ಪ್ರೀಮಿಯರ್ ಪದ್ಮಿನಿ, ಸೋಲೆಕ್ಸ್ ಕಾರ್ಬುರೇಟರ್. ನಮ್ಮ ಹಿತ್ತಾಳೆ ಫ್ಲೋಟಿನಲ್ಲಿ ಸೂಜಿಮೊನೆಯಷ್ಟು ತೂತು ಬಿದ್ದರೂ ಸಾಕು, ಪೆಟ್ರೋಲ್ ಕುಡಿದು ಭಾರವಾಗಿ ಮುಳುಗುತ್ತದೆ. ಅಲ್ಲಾಡಿಸಿದರೆ ಗೊತ್ತಾಗದಷ್ಟು ಕಡಿಮೆ ಇರಬಹುದು. ಮನೆಯಿಂದ ಹೊರಗೆ, ಒಲೆಯಿಂದ ದೂರ, ಒಂದು ಲೋಟ ಬಿಸಿನೀರಿನಲ್ಲಿ ಅದ್ದಿ ಹಿಡಿಯಿರಿ. ತೂತಿದ್ದರೆ ಅಲ್ಲಿಂದ ಗುಳ್ಳೆ ಏಳುತ್ತದೆ. ಬೆಸುಗೆ ಹಾಕಿಸಿದರೆ ಬೆಸುಗೆಯ ತೂಕವೂ ಸೇರಿ ಮಟ್ಟ ಮತ್ತೆ ಏರುತ್ತದೆ, ಹಾಗಾಗಿ ಸೀಸ ಜಾಸ್ತಿ ಮೆತ್ತಬಾರದು. ನಿಮ್ಮದು ಪ್ಲಾಸ್ಟಿಕ್ ಇರಬೇಕು, ಆದರೂ ಈ ಪರೀಕ್ಷೆ ಮಾಡಿಬಿಡಿ. ಖರ್ಚೇನೂ ಇಲ್ಲ.

ನೀಡಲ್ ಕೂರುವ ಸೀಟಿನ ಅಡಿಯ ವಾಷರನ್ನೂ ನೋಡಿ. ಸೀಟ್ ಸಡಿಲ ಇದ್ದರೆ ನೀಡಲ್ ಎಷ್ಟೇ ಚೆನ್ನಾಗಿ ಮುಚ್ಚಿದರೂ ಪೆಟ್ರೋಲ್ ಪಕ್ಕದಿಂದ ನುಸುಳುತ್ತದೆ. ನನಗೆ ಎರಡು ನೀಡಲ್ ದಂಡ ಆದ ಮೇಲೆ ಇದು ಗೊತ್ತಾದದ್ದು.

ಸಾಗರದಿಂದ

ಬಿಳಿ ತಟ್ಟೆಗೆ ಬಗ್ಗಿಸಿದ್ದು ಒಳ್ಳೆಯ ಕೆಲಸ. ಈಗ ಆ ಚೂರನ್ನು ಬೆರಳಿನಲ್ಲಿ ತಿಕ್ಕಿ ನೋಡಿ. ತುಕ್ಕಾದರೆ ಕೆಂಪು, ಮರಳಿನ ಹಾಗೆ ಚರಚರ ಅನ್ನುತ್ತದೆ, ಅಯಸ್ಕಾಂತ ಹಿಡಿದರೆ ಅಂಟಲೂಬಹುದು. ರಬ್ಬರ್ ಆದರೆ ಮಸಿಯ ಹಾಗೆ ಕಪ್ಪಗೆ ಬಳಿದುಕೊಳ್ಳುತ್ತದೆ.

ನನ್ನ ಊಹೆ ರಬ್ಬರ್. ಫಿಲ್ಟರ್ ಇರುವುದು ಟ್ಯಾಂಕಿಗೂ ಪಂಪಿಗೂ ನಡುವೆ. ಪಂಪಿನಿಂದ ಕಾರ್ಬುರೇಟರಿಗೆ ಹೋಗುವ ಗೇಣುದ್ದದ ಹೋಸ್ ಪೈಪ್ ಫಿಲ್ಟರಿನ ಆಚೆಗಿದೆ. ಅದು ಒಳಗಿಂದ ಕಳಚಿದರೆ ತಡೆಯುವವರು ಯಾರೂ ಇಲ್ಲ, ಚೂರು ನೇರ ನೀಡಲಿಗೇ ಹೋಗುತ್ತದೆ. ಎಥನಾಲ್ ಮಾಡುವ ಉಪದ್ರವ ಅಂದೆನಲ್ಲ, ಇದೇ ಅದು. ಈಗ ಬಂಕಿನಲ್ಲಿ ಸಿಗುವ ಪೆಟ್ರೋಲಿನಲ್ಲಿ ನೂರಕ್ಕೆ 20ರಷ್ಟು ಎಥನಾಲ್. 1997ರ ರಬ್ಬರಿಗೆ ಅದು ಒಗ್ಗುವುದಿಲ್ಲ. ಉಬ್ಬುತ್ತದೆ, ಮೆತ್ತಗಾಗುತ್ತದೆ, ಒಣಗಿದಾಗ ಬಿರಿಯುತ್ತದೆ. ಹೊರಗಿಂದ ನೋಡಿದರೆ ಏನೂ ಗೊತ್ತಾಗುವುದಿಲ್ಲ. ಪೈಪನ್ನು ಬಿಚ್ಚಿ ಉದ್ದಕ್ಕೆ ಸೀಳಿ ನೋಡಿ.

ಹೊಸ ಪೈಪ್ ತರುವಾಗ ಇಂಜೆಕ್ಷನ್ ಕಾರುಗಳಿಗೆ ಹಾಕುವ ಪೆಟ್ರೋಲ್ ಹೋಸ್ ಕೇಳಿ. ರೇಡಿಯೇಟರ್ ನೀರಿನ ಪೈಪ್, ಗೊಬ್ಬರದ ಅಂಗಡಿಯ ಸ್ಪ್ರೇ ಪೈಪ್ ಯಾವುದೂ ಆಗುವುದಿಲ್ಲ. ನಮ್ಮ ಕಡೆ ತೋಟದ ಔಷಧಿ ಪೈಪನ್ನು ಕಾರಿಗೆ ಹಾಕಿ ಮೂರು ದಿನಕ್ಕೆ ಹಪ್ಪಳ ಮಾಡಿಕೊಂಡವರಿದ್ದಾರೆ.

ಡಿಪ್‌ಸ್ಟಿಕ್ (ಎಂಜಿನ್ ಆಯಿಲ್ ಮಟ್ಟ ನೋಡುವ ಕಡ್ಡಿ) ಎಳೆದು ಮೂಸಿ ನೋಡಿ. ಇಷ್ಟು ದಿನ ಓವರ್‌ಫ್ಲೋ ಆಗಿದ್ದರೆ ಪೆಟ್ರೋಲ್ ಸಿಲಿಂಡರ್ ಗೋಡೆ ತೊಳೆದು ಕೆಳಗೆ ಎಂಜಿನ್ ಆಯಿಲಿಗೆ ಸೇರಿರುತ್ತದೆ. ಮಟ್ಟ ಏರಿದ್ದರೆ, ವಾಸನೆ ಬಂದರೆ, ಆ ಆಯಿಲಿನಲ್ಲಿ ದೂರ ಓಡಿಸಬೇಡಿ. ನೀರಿನ ಹಾಗೆ ತೆಳುವಾದ ಆಯಿಲ್ ಬೇರಿಂಗ್ ತಿಂದುಹಾಕುತ್ತದೆ. ಕಾರ್ಬುರೇಟರ್ ತೊಂದರೆ ಅಂತ ಶುರುವಾಗಿ ಎಂಜಿನ್ ಬೋರಿಂಗಿಗೆ ಮುಗಿಯುವುದು ಹೀಗೇ.

ಇನ್ನು ನಿಮ್ಮ ಘಟ್ಟದ ಒಗಟು. ನನಗೆ ಈ ಚರ್ಚೆಯಲ್ಲಿ ರುಚಿ ಹತ್ತಿದ್ದೇ ಅದರಿಂದ. ನಿಮ್ಮ ಪೆಟ್ರೋಲ್ ಪಂಪ್ ಕರೆಂಟಿನದಲ್ಲ. ಎಂಜಿನ್ ತಲೆಯ ಮೇಲೆ ಕೂತಿದೆ, ಕ್ಯಾಮ್ ಶಾಫ್ಟ್ ತಿರುಗಿದ ಹಾಗೆ ಅದು ಬಡಿಯುತ್ತದೆ. ಘಟ್ಟ ಇಳಿಯುವಾಗ ನೀವು ಎರಡನೇ ಗೇರಿನಲ್ಲಿ ಕಾಲು ತೆಗೆದು ಇಳಿಯುತ್ತೀರಿ. ಚಕ್ರವೇ ಎಂಜಿನನ್ನು ತಿರುಗಿಸುತ್ತಿರುತ್ತದೆ. ಎಂಜಿನ್ ಜೋರಾಗಿ ತಿರುಗುತ್ತದೆ, ಪಂಪೂ ಜೋರಾಗಿ ಬಡಿಯುತ್ತದೆ. ಆದರೆ ಥ್ರಾಟಲ್ (ಪೆಡಲ್ ತುಳಿದಾಗ ತೆರೆಯುವ ಬಾಗಿಲು) ಮುಚ್ಚಿದೆ, ಎಂಜಿನಿಗೆ ಬೇಕಾದ ಪೆಟ್ರೋಲ್ ಚಮಚದಷ್ಟು. ಉಳಿದ ಒತ್ತಡ ಎಲ್ಲ ನೀಡಲಿನ ಮೇಲೆ. ಹತ್ತುವಾಗ ಇದು ತಿರುಗುಮುರುಗು. ಎಷ್ಟು ಬಂದರೂ ಎಂಜಿನ್ ಕುಡಿದುಬಿಡುತ್ತದೆ, ಓವರ್‌ಫ್ಲೋ ಆಗಲು ಏನೂ ಉಳಿಯುವುದಿಲ್ಲ. ಐಡಲಿಂಗ್‌ನಲ್ಲಿ ಕುಂಟುವುದಕ್ಕೂ ಇದೇ ಲೆಕ್ಕ.

ಈ ಹೆಚ್ಚಿನ ಪೆಟ್ರೋಲ್ ಸಾಮಾನ್ಯವಾಗಿ ಎಲ್ಲಿಗೆ ಹೋಗಬೇಕು? ಪಂಪಿಗೆ ಮೂರು ಪೈಪ್ ಇವೆ. ಒಂದು ಟ್ಯಾಂಕಿನಿಂದ ಬರುವುದು, ಒಂದು ಕಾರ್ಬುರೇಟರಿಗೆ ಹೋಗುವುದು, ಮೂರನೆಯದು ವಾಪಸ್ ಟ್ಯಾಂಕಿಗೆ ಹೋಗುವ ರಿಟರ್ನ್. ಚೂರು ತೆಗೆದ ಮೇಲೂ ಮಟ್ಟ ಏರಿದರೆ ಆ ರಿಟರ್ನ್ ಪೈಪಿನ ಮೇಲೆ ನನ್ನ ಕಣ್ಣು.

ಕೊನೆಯದಾಗಿ ಏನು ಕೆಲಸ ಮಾಡಿಸಿದ್ದಿರಿ ಅಂತ ಕೇಳಿದ್ದೆ. ಅದಕ್ಕೆ ಉತ್ತರ ಬಂದಿಲ್ಲ.

ಶಿವಮೊಗ್ಗದಿಂದ

ಒಂದು ಡೌಟು. ನನ್ನ ಪರಿಚಯದವರ ಗಾಡಿ ಬಿಸಿಯಲ್ಲಿ ನಿಲ್ಲಿಸಿ ಕಾಫಿ ಕುಡಿದು ಬಂದರೆ ಸ್ಟಾರ್ಟ್ ಆಗುವುದಿಲ್ಲ. ಒಂದು ಗಂಟೆ ಬಿಟ್ಟರೆ ಆಗುತ್ತದೆ. ಅದೂ ಇದೇ ರೋಗವಾ?

ಸಾಗರದಿಂದ

ಅಲ್ಲ, ಅದರ ತಮ್ಮ. ಎಂಜಿನ್ ಆಫ್ ಮಾಡಿದ ಮೇಲೆ ಗಾಳಿ ನಿಂತು, ಕೆಳಗಿನ ಬಿಸಿ ಮೇಲೆ ಏರಿ, ಫ್ಲೋಟ್ ಚೇಂಬರಿನ ಪೆಟ್ರೋಲ್ ಹಾಲು ಉಕ್ಕಿದ ಹಾಗೆ ಉಕ್ಕುತ್ತದೆ. ಎಂಜಿನಿಗೆ ಹೋಗುವ ಮ್ಯಾನಿಫೋಲ್ಡ್ ಕೊಳವೆಗೆ ಇಳಿದು ಒದ್ದೆ ಮಾಡುತ್ತದೆ. ಓಡುವಾಗ ಕಪ್ಪು ಹೊಗೆ ಇರುವುದಿಲ್ಲ, ಮೈಲೇಜೂ ಅಷ್ಟಾಗಿ ಬೀಳುವುದಿಲ್ಲ. ಕಾರ್ಬುರೇಟರ್ ಅಡಿಯ ದಪ್ಪ ಇನ್ಸುಲೇಟರ್ ತುಂಡು ಇದೆಯಾ, ಅದರ ಬದಲು ಯಾರಾದರೂ ಬರೀ ಗ್ಯಾಸ್ಕೆಟ್ ಹಾಕಿದ್ದಾರಾ ನೋಡಲು ಹೇಳಿ. ಸ್ಟಾರ್ಟ್ ಮಾಡುವಾಗ ಪೆಡಲ್ ನೆಲಕ್ಕೆ ಒತ್ತುವ ಉಪಾಯ ಅಲ್ಲೂ ನಡೆಯುತ್ತದೆ.

ತೀರ್ಥಹಳ್ಳಿಯಿಂದ

ನಿಮ್ಮ ಬಾಯಿಗೆ ಸಕ್ಕರೆ. ಚೂರು ರಬ್ಬರೇ. ಬೆರಳು ಇನ್ನೂ ಕಪ್ಪಗಿದೆ. ಪೈಪ್ ಸೀಳಿದೆ, ಒಳಗೋಡೆ ಹಳೇ ಮರದ ತೊಗಟೆಯ ಹಾಗೆ ಏಳುತ್ತಿದೆ. ಹೊಸದು ಶಿವಮೊಗ್ಗದಿಂದ ತರಿಸಿದೆ, ಕ್ಲಿಪ್ ಸಮೇತ. ಫ್ಲೋಟನ್ನು ಬಿಸಿನೀರಿನಲ್ಲಿ ಅದ್ದಿದೆ, ಗುಳ್ಳೆ ಬರಲಿಲ್ಲ. ಸೀಟ್ ಬಿಗಿಯಾಗಿದೆ. ಎಲ್ಲ ತೊಳೆದು ಜೋಡಿಸಿದೆ.

ಎರಡು ದಿನ ಚಿನ್ನದಂಥ ಗಾಡಿ. ಮೂರನೇ ದಿನ ಶಿವಮೊಗ್ಗಕ್ಕೆ ಹೋಗಿ ವಾಪಸ್ ಬರುವಾಗ ಮಂಡಗದ್ದೆ ಹತ್ತಿರ ಚಹಾಕ್ಕೆ ನಿಲ್ಲಿಸಿದೆ. ಎಂಜಿನ್ ಚಾಲೂ ಇಟ್ಟು ಕಿಟಕಿ ನೋಡಿದೆ. ಮಟ್ಟ ಗುರುತಿಗಿಂತ ಸ್ವಲ್ಪ ಮೇಲೆ. ಮೊದಲಿನ ಹಾಗೆ ಉಕ್ಕುತ್ತಿಲ್ಲ. ಆದರೆ ರೇಸ್ ಕೊಟ್ಟು ತಕ್ಷಣ ಬಿಟ್ಟರೆ ಏರಿ ನಿಲ್ಲುತ್ತದೆ, ಸಣ್ಣಗೆ ಕುಂಟುತ್ತದೆ. ಮುಚ್ಚಳ ಮತ್ತೆ ಬಿಚ್ಚಿ ನೋಡಿದೆ, ಈ ಸಲ ತಟ್ಟೆಯಲ್ಲಿ ಒಂದು ಚೂರೂ ಇಲ್ಲ.

ನಿಮ್ಮ ಪ್ರಶ್ನೆಗೆ ಉತ್ತರ. ಇದನ್ನು ಮೊದಲೇ ಹೇಳಬೇಕಿತ್ತು, ಮುಖ್ಯ ಅಂತ ಅನಿಸಿರಲಿಲ್ಲ. ಆಗಸ್ಟಿನಲ್ಲಿ ಟ್ಯಾಂಕ್ ಇಳಿಸಿ ತೊಳೆಸಿದ್ದೆ. ಮಳೆಗಾಲದಲ್ಲಿ ಅರ್ಧ ಟ್ಯಾಂಕ್ ಪೆಟ್ರೋಲ್ ಇಟ್ಟು ನಿಲ್ಲಿಸಿದ್ದಕ್ಕೆ ಒಳಗೆ ನೀರು ಬೆವರಿ ತುಕ್ಕು ಬಂದಿತ್ತು. ಫಿಲ್ಟರನ್ನೂ ಆಗಲೇ ಬದಲಿಸಿದ್ದು. ಆಮೇಲೆ ಗಾಡಿ ಓಡಿಸಿದ್ದು ಹಬ್ಬಕ್ಕೇ.

ಸಾಗರದಿಂದ

ಅಯ್ಯೋ ಮಾರಾಯರೇ! ಮೊದಲ ದಿನವೇ ಇಷ್ಟು ಹೇಳಿದ್ದರೆ ಚಹಾದ ಖರ್ಚು ಉಳಿಯುತ್ತಿತ್ತು. ಇರಲಿ. ಎಲ್ಲರೂ ಹೀಗೇ. ನಾವು ಗಾಡಿ ಎಲ್ಲಿ ನರಳುತ್ತದೋ ಅಲ್ಲೇ ನೋಡುತ್ತೇವೆ. ಎಂಜಿನ್ ಇರುವುದು ಮುಂದೆ, ಟ್ಯಾಂಕ್ ಹಿಂದೆ. ಎರಡಕ್ಕೂ ಸಂಬಂಧ ಇದೆ ಅಂತ ಹೊಳೆಯುವುದಿಲ್ಲ.

ರಿಟರ್ನ್ ಪರೀಕ್ಷೆ ಮಾಡಿ. ತಣ್ಣಗಿನ ಎಂಜಿನ್. ಪಂಪಿನ ರಿಟರ್ನ್ ಕೊಳವೆಯಿಂದ ಪೈಪ್ ಕಳಚಿ, ಅಲ್ಲಿಗೆ ಎರಡು ಅಡಿ ಹೊಸ ಹೋಸ್ ಸಿಕ್ಕಿಸಿ, ಅದರ ತುದಿಯನ್ನು ಬಾನೆಟ್ಟಿನಿಂದ ಹೊರಗೆ ತಂದು ಒಂದು ಪೆಟ್ರೋಲ್ ಕ್ಯಾನಿಗೆ ಬಿಡಿ. ಕ್ಯಾನನ್ನು ನೆಲದ ಮೇಲೆ ಇಡಿ, ಎಂಜಿನ್ ಮೇಲೆ ಅಲ್ಲ. ಟ್ಯಾಂಕಿಗೆ ಹೋಗುವ ಹಳೇ ಪೈಪಿನ ಬಾಯಿಗೆ ಒಂದು ಬೋಲ್ಟ್ ತುರುಕಿ ಮುಚ್ಚಿ. ಪಕ್ಕದಲ್ಲಿ ಒಬ್ಬರು ನಿಂತಿರಲಿ. ಸ್ಟಾರ್ಟ್ ಮಾಡಿ ಒಂದೇ ನಿಮಿಷ ಕಿಟಕಿ ನೋಡಿ. ಕ್ಯಾನಿಗೆ ಪೆಟ್ರೋಲ್ ಸಣ್ಣಗೆ ಬೀಳುತ್ತಾ, ಮಟ್ಟ ಗುರುತಿಗೆ ಬಂದು ನಿಂತರೆ ಪಂಪ್ ಸರಿ, ಕಾರ್ಬುರೇಟರ್ ಸರಿ, ದಾರಿ ಮುಚ್ಚಿರುವುದು ಹಿಂದೆ. ಆಗಲೂ ಏರಿದರೆ ನೀಡಲ್ ಕಡೆ ಮತ್ತೆ ಹೋಗೋಣ. ಕಿಟ್ಟಿನಲ್ಲಿ ಬಂದ ನೀಡಲ್ಲೇ ಕಳಪೆ ಇರಬಹುದು.

ದಾರಿ ಮುಚ್ಚಿದೆ ಅಂತ ಆದರೆ ಟ್ಯಾಂಕಿನ ಕ್ಯಾಪ್ ತೆಗೆದು, ರಿಟರ್ನ್ ಪೈಪಿನ ಮುಂದಿನ ತುದಿಯಿಂದ ಸೈಕಲ್ ಪಂಪಿನಲ್ಲಿ ಮೆಲ್ಲಗೆ ಗಾಳಿ ಬಿಡಿ. ಬಾಯಿಂದ ಎಳೆಯಬೇಡಿ. ಗ್ಯಾರೇಜಿನ ಕಂಪ್ರೆಸರೂ ಬೇಡ, ಅಷ್ಟು ಜೋರಿಗೆ ಹಳೇ ಪೈಪಿನ ಕೀಲುಗಳು ಕಳಚುತ್ತವೆ. ಇನ್ನೊಬ್ಬರು ಟ್ಯಾಂಕಿನ ಬಾಯಿಯ ಹತ್ತಿರ ಕಿವಿ ಇಡಲಿ. ಬುಸ್ ಅಂತ ಕೇಳಬೇಕು.

ತೀರ್ಥಹಳ್ಳಿಯಿಂದ

ಸಿಕ್ಕಿತು!

ಕ್ಯಾನಿಗೆ ಬಿಟ್ಟ ಕೂಡಲೇ ಮಟ್ಟ ಗುರುತಿನ ನಡುವೆ ಬಂದು ಕೂತಿತು. ರೇಸ್ ಕೊಟ್ಟು ಬಿಟ್ಟೆ, ಕದಲಲಿಲ್ಲ. ಆಮೇಲೆ ಸೈಕಲ್ ಪಂಪ್. ತಮ್ಮ ಟ್ಯಾಂಕಿನ ಹತ್ತಿರ ಕೂತಿದ್ದ. ನಾನು ಒತ್ತಿದೆ, ಹಿಡಿಕೆ ವಾಪಸ್ ಬಂತು. ಅವನಿಗೆ ಉಸ್ ಅನ್ನುವ ಸದ್ದೂ ಇಲ್ಲ.

ಕಾರಿನ ಅಡಿಗೆ ಅಡಿಕೆ ಹಾಳೆ ಹಾಸಿಕೊಂಡು ನುಗ್ಗಿದೆ. ಟ್ಯಾಂಕಿನ ಮೇಲ್ಭಾಗದಲ್ಲಿ, ಟ್ಯಾಂಕಿಗೂ ಬಾಡಿಯ ತಗಡಿಗೂ ನಡುವೆ, ರಿಟರ್ನ್ ಹೋಸ್ ಮಡಚಿ ಸಿಕ್ಕಿಹಾಕಿಕೊಂಡಿದೆ. ಟ್ಯಾಂಕ್ ತೊಳೆದು ವಾಪಸ್ ಏರಿಸುವಾಗ ಪೈಪ್ ಅಡಿಗೆ ಬಿದ್ದದ್ದನ್ನು ಯಾರೂ ನೋಡಿಲ್ಲ. ಚಪ್ಪಟೆಯಾದ ಜಾಗದಲ್ಲಿ ರಬ್ಬರ್ ಒಳಗೊಳಗೇ ಅಂಟಿಕೊಂಡಿತ್ತು. ಬಿಚ್ಚಿ ತೆಗೆದ ಮೇಲೂ ಬಾಯಿ ತೆರೆಯಲಿಲ್ಲ.

ಟ್ಯಾಂಕ್ ಬೋಲ್ಟ್ ಸಡಿಲಿಸಿ, ನಾಲ್ಕು ಬೆರಳು ಇಳಿಸಿ, ಹೋಸ್ ಹೊಸದು ಹಾಕಿದೆ. ಮೊದಲು ಪೆಟ್ರೋಲ್ ಬಹುಪಾಲು ಖಾಲಿ ಮಾಡಿಕೊಂಡಿದ್ದು ಒಳ್ಳೆಯದಾಯಿತು, ತುಂಬಿದ ಟ್ಯಾಂಕನ್ನು ಇಬ್ಬರಿಂದ ಹಿಡಿಯಲು ಆಗುತ್ತಿರಲಿಲ್ಲ. ಈಗ ಗಾಳಿ ಬಿಟ್ಟರೆ ಬುಸ್ ಅನ್ನುತ್ತದೆ.

ಡಿಪ್‌ಸ್ಟಿಕ್ ಮೂಸಿದೆ. ನೀವು ಹೇಳಿದ ಹಾಗೇ ಪೆಟ್ರೋಲ್ ವಾಸನೆ, ಮಟ್ಟ ಮೇಲಿನ ಗೆರೆಗಿಂತ ಒಂದು ಬೆರಳು ಜಾಸ್ತಿ. ಆಯಿಲ್ ಬದಲಿಸುತ್ತೇನೆ.

ಸಾಗರದಿಂದ

ಆಯಿಲ್ ಜೊತೆ ಆಯಿಲ್ ಫಿಲ್ಟರನ್ನೂ ಬದಲಿಸಿ. ಪ್ಲಗ್‌ಗಳನ್ನು ಬ್ರಷ್‌ನಿಂದ ತಿಕ್ಕಿ ಒಣಗಿಸಿ ಗ್ಯಾಪ್ 0.7ರಿಂದ 0.8 ಮಿ.ಮೀ. ಇಡಿ, ಇಲ್ಲವೇ ಹೊಸದೇ ಹಾಕಿ.

ಒಂದು ಮರೆಯಬೇಡಿ. ಓವರ್‌ಫ್ಲೋ ಇದ್ದಾಗ ಗ್ಯಾರೇಜಿನವರು ಕುಂಟು ಕಡಿಮೆ ಮಾಡಲು ಮಿಕ್ಸ್ಚರ್ ಸ್ಕ್ರೂ (ಐಡಲಿಂಗಿನ ಮಿಶ್ರಣ ಹೊಂದಿಸುವುದು) ಬಿಗಿ ಮಾಡಿ, ಐಡಲ್ ಸ್ಕ್ರೂ ಏರಿಸಿರುತ್ತಾರೆ. ಅವರ ತಪ್ಪೇನಲ್ಲ, ಆಗ ಅದೇ ದಾರಿ. ಈಗ ಮೂಲ ರೋಗ ಹೋದ ಮೇಲೆ ಆ ಸೆಟ್ಟಿಂಗಿನಲ್ಲಿ ಗಾಡಿ ತೀರಾ ತೆಳು ಮಿಶ್ರಣದಲ್ಲಿ ಓಡುತ್ತದೆ. ಎಂಜಿನ್ ಚೆನ್ನಾಗಿ ಬಿಸಿಯಾದ ಮೇಲೆ ಮಿಕ್ಸ್ಚರ್ ಸ್ಕ್ರೂ ಕಾಲು ಕಾಲು ಸುತ್ತು ಸಡಿಲಿಸುತ್ತಾ ಹೋಗಿ. ಎಂಜಿನ್ ಅತಿ ನಯವಾಗಿ, ಅತಿ ಜೋರಾಗಿ ಓಡುವ ಒಂದು ಜಾಗ ಸಿಗುತ್ತದೆ. ಅಲ್ಲಿ ನಿಲ್ಲಿಸಿ, ಐಡಲ್ ಸ್ಕ್ರೂನಿಂದ ಸ್ಪೀಡ್ ಇಳಿಸಿ. ಆಮೇಲೆ ಎಮಿಷನ್ ಟೆಸ್ಟ್ ಮಾಡಿಸಿ, ಸುಮ್ನೆ ಚೀಟಿ ತರಬೇಡಿ, ಅಂಕಿ ಓದಿ. ಈ ಕಾಲದ ಗಾಡಿಗೆ ಕಾರ್ಬನ್ ಮೊನಾಕ್ಸೈಡ್ ನೂರಕ್ಕೆ 3ರ ಒಳಗೆ ಇರಬೇಕು. ಅದು ನಿಮ್ಮ ಟ್ಯೂನಿಂಗಿಗೆ ಸಿಗುವ ಅಗ್ಗದ ಮಾರ್ಕ್ಸ್ ಕಾರ್ಡ್.

ಮುಂದಿನ ಮಳೆಗಾಲಕ್ಕೆ ನಿಲ್ಲಿಸುವುದಾದರೆ ಟ್ಯಾಂಕ್ ಅರ್ಧ ಬಿಡಬೇಡಿ. ಕಂಠಪೂರ್ತಿ ತುಂಬಿಸಿ, ಖಾಲಿ ಜಾಗ ಇದ್ದಲ್ಲೇ ನೀರು ಬೆವರುವುದು. ಅದಕ್ಕಿಂತ ಒಳ್ಳೆಯದು, ನಿಲ್ಲಿಸಲೇಬೇಡಿ. ಹದಿನೈದು ದಿನಕ್ಕೊಮ್ಮೆ ಪೇಟೆಗೆ ಹೋಗಿ ತರಕಾರಿ ತನ್ನಿ.

ಹೊಸನಗರದಿಂದ

ನನ್ನ ಓಮ್ನಿಯ ಕಿಟಕಿಯನ್ನೂ ಒರೆಸಿ ನೋಡಿದೆ. ಮಟ್ಟ ಸರಿ ಇದೆ. ಆದರೆ ಏರ್ ಫಿಲ್ಟರ್ ಡಬ್ಬಿಯಲ್ಲಿ ಕುಂಬಾರ ಹುಳ ಮಣ್ಣಿನ ಗೂಡು ಕಟ್ಟಿದೆ. ಗುಜರಿ ಮಾತು ವಾಪಸ್ ತೆಗೆದುಕೊಂಡೆ.

ತೀರ್ಥಹಳ್ಳಿಯಿಂದ

ಆಯಿಲ್, ಪ್ಲಗ್, ಟ್ಯೂನಿಂಗ್ ಎಲ್ಲ ಆಯಿತು. ಎಮಿಷನ್‌ನಲ್ಲಿ 1.8 ಬಂತು. ನಿನ್ನೆ ಬೇಕಂತಲೇ ಆಗುಂಬೆ ಇಳಿದೆ, ಎರಡನೇ ಗೇರು, ಹದಿನಾಲ್ಕೂ ತಿರುವು. ಒಂದು ಕಡೆಯೂ ಉಸಿರು ಕಟ್ಟಲಿಲ್ಲ. ಕೆಳಗೆ ನಿಲ್ಲಿಸಿ ಬಾನೆಟ್ ಎತ್ತಿ ನೋಡಿದೆ, ಮಟ್ಟ ಗುರುತಿನಲ್ಲೇ. ಬೆಳಿಗ್ಗೆ ಚೋಕ್ ಎಳೆಯದೆ ಮತ್ತೆ ಸ್ಟಾರ್ಟ್ ಆಗುತ್ತಿಲ್ಲ, ಈ ಸಲ ಅದಕ್ಕೇ ಖುಷಿ. ಮೈಲೇಜ್ ಈ ಟ್ಯಾಂಕ್ ಮುಗಿದ ಮೇಲೆ ಹೇಳುತ್ತೇನೆ.

ಒಟ್ಟು ಖರ್ಚಾದದ್ದು ಎರಡು ತುಂಡು ಹೋಸ್, ನಾಲ್ಕು ಕ್ಲಿಪ್, ಆಯಿಲ್, ಪ್ಲಗ್. ಮತ್ತೆ ಆ ಪಿಂಗಾಣಿ ತಟ್ಟೆ. ಎಷ್ಟು ತೊಳೆದರೂ ವಾಸನೆ ಹೋಗಿಲ್ಲ, ಅಮ್ಮ ಒಳಗೆ ತರಲು ಬಿಡುತ್ತಿಲ್ಲ. ಶೆಡ್ಡಿನಲ್ಲೇ ಇಟ್ಟಿದ್ದೇನೆ.